ಲಖನೌಗೆ ಎರಡೂವರೆ ಗಂಟೆ

ಬೆಳಗಿನ ಜಾವ ಟ್ಯಾಕ್ಸಿ ನಮ್ಮ ವಿಜಯನಗರದ ಮನೆಯ ಮುಂದೆ ಬಂದು ನಿಂತಾಗ ಅಮ್ಮ ಆಗಲೇ ಸ್ನಾನ, ಲಿಂಗಪೂಜೆ ಮುಗಿಸಿ, ಸ್ವೆಟರಿನ ಮೇಲೊಂದು ಶಾಲು ಹೊದ್ದು ಸಿದ್ಧಳಾಗಿ ಕೂತಿದ್ದಳು. ಎಪ್ಪತ್ತೆಂಟು ವರ್ಷದ ಅಮ್ಮ ಅದುವರೆಗೆ ವಿಮಾನ ಹತ್ತಿದವಳಲ್ಲ. ಕಾಲ ಬಳಿ ಇದ್ದ ಚೀಲದಲ್ಲಿ ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಹಿಂದಿನ ದಿನವೆಲ್ಲ ಕೂತು ಹಿತುಕಿದ ಅವರೆಬೇಳೆ. ಜನವರಿ ತಿಂಗಳು, ವಿಜಯನಗರದ ಮಾರ್ಕೆಟ್ಟಿನ ತುಂಬ ಸೊಗಡವರೆ ರಾಶಿ ಬಿದ್ದಿತ್ತು. "ಅಲ್ಲೂ ತರಕಾರಿ ಸಿಗುತ್ತಮ್ಮ" ಅಂದೆ. "ಸೊಗಡವರೆ ಸಿಗುತ್ತೇನೆ ಉಮಾ?" ಎಂದು ನನ್ನ ಬಾಯಿ ಮುಚ್ಚಿಸಿದಳು.

ನಾವು ಹೊರಟದ್ದು ಲಖನೌಗೆ, ಅಮ್ಮನ ತಂಗಿ ಪಾರ್ವತಿಯನ್ನು ನೋಡಲು. ಚಿಕ್ಕಮ್ಮನಿಗೆ ಡಿಸೆಂಬರಿನಲ್ಲಿ ಪಾರ್ಶ್ವವಾಯು ಹೊಡೆದಿತ್ತು. ಜೀವಕ್ಕೆ ಅಪಾಯವಿಲ್ಲ ಎಂದು ಅವಳ ಮಗ ಅನುಪಮ್ ಫೋನಿನಲ್ಲಿ ಹೇಳಿದಾಗ ನಾವು ನಿಟ್ಟುಸಿರು ಬಿಟ್ಟಿದ್ದೆವು. ಆದರೆ ಹೊಸ ವರ್ಷ ಕಳೆದ ಮೇಲೆ ಅವನು ಮತ್ತೆ ಫೋನ್ ಮಾಡಿದ. ಅವನ ಹಿಂದಿ ಅಂದು ತಡವರಿಸುತ್ತಿತ್ತು. "ಅಮ್ಮ ಮಾತಾಡೋಕೆ ಶುರು ಮಾಡಿದ್ದಾರೆ ದೀದಿ. ಆದರೆ ಹಿಂದಿ ಒಂದೂ ಮಾತಿಲ್ಲ. ನಿಮ್ಮ ಭಾಷೆ ಅಂತ ಕಾಣುತ್ತೆ. ಹೀಗೂ ಆಗುತ್ತೆ, ಮೊದಲು ಕಲಿತ ಭಾಷೆ ಮಾತ್ರ ಉಳಿಯಬಹುದು ಅಂತಾರೆ ಡಾಕ್ಟರು. ನಮಗೆ ಏನೂ ತಿಳೀತಿಲ್ಲ."

ವಿಡಿಯೊ ಕರೆಯಲ್ಲಿ ಚಿಕ್ಕಮ್ಮ ಪರದೆಯನ್ನು ನೋಡಿ ಮುಖ ತಿರುಗಿಸಿಬಿಟ್ಟಳು. ಅನುಪಮ್ ಒಮ್ಮೆ ಅವಳ ಮಾತನ್ನು ಕದ್ದು ರೆಕಾರ್ಡ್ ಮಾಡಿ ಕಳಿಸಿದ. ಟಿ.ವಿ. ಸದ್ದು, ಪಾತ್ರೆ ಸದ್ದಿನ ನಡುವೆ ನಮಗೆ ಸ್ಪಷ್ಟವಾಗಿ ಕೇಳಿಸಿದ್ದು 'ಅಕ್ಕ' ಎಂಬ ಒಂದೇ ಮಾತು. ಅಮ್ಮ ಅದನ್ನು ಮೂರು ನಾಲ್ಕು ಸಲ ಹಾಕಿಸಿಕೊಂಡು ಕೇಳಿದಳು. ಆಮೇಲೆ ಎದ್ದು ಹೋಗಿ ಬೀರುವಿನಿಂದ ಸ್ವೆಟರ್ ತೆಗೆದಳು. ನಾನು ಬ್ಯಾಂಕಿಗೆ ಒಂದು ವಾರ ರಜೆ ಹಾಕಿ ಟಿಕೆಟ್ ಮಾಡಿಸಿದೆ.

ಟ್ಯಾಕ್ಸಿ ಓಡಿಸುತ್ತಿದ್ದ ಮಂಜು ಶ್ರೀಗಂಧದ ಕಾವಲಿನವನು, ಮಾತುಗಾರ. "ಎಲ್ಲಿಗಜ್ಜಿ ಇಷ್ಟು ಬೆಳಿಗ್ಗೆನೇ?" ಅಂದ.

"ಲಖನೌಗೆ ಕಣಪ್ಪ. ಎಷ್ಟೊತ್ತಾಗುತ್ತೋ ಏನೋ."

"ಫ್ಲೈಟಲ್ಲಿ ಎರಡೂವರೆ ಅವರ್ ಅಷ್ಟೇ ಅಜ್ಜಿ. ಹೆಬ್ಬಾಳದಲ್ಲಿ ಸಿಕ್ಕಾಕೊಂಡ್ರೆ ಏರ್‌ಪೋರ್ಟಿಗೆ ಬಿಡಕ್ಕೇ ಎರಡು ಅವರ್ ಆಗೋಗುತ್ತೆ."

ಅಮ್ಮ ನಂಬಲಿಲ್ಲ. ಅವನು ತನ್ನನ್ನು ಸಮಾಧಾನ ಮಾಡಲು ಹೇಳುತ್ತಿದ್ದಾನೆ ಅಂದುಕೊಂಡು ನಕ್ಕಳು.

ಗಾಡಿ ಕಾರ್ಡ್ ರೋಡಿಗೆ ಬಿತ್ತು. ರಾಜಾಜಿನಗರ ಬಂದಾಗ ಅಮ್ಮ ಕಿಟಕಿಯ ಗಾಜನ್ನು ಇಳಿಸಿದಳು. ಅಮ್ಮ, ಚಿಕ್ಕಮ್ಮ ಇಬ್ಬರೂ ಬೆಳೆದದ್ದು ಅಲ್ಲಿನ ಒಂದು ವಠಾರದಲ್ಲಿ. ಎಂಟು ಮನೆ, ಎಲ್ಲಕ್ಕೂ ಸೇರಿ ಒಂದೇ ಕೊಳಾಯಿ. ಚಿತ್ರದುರ್ಗದ ಕಡೆಯಿಂದ ಬಂದ ತಾತ ಮುಂದಿನ ಬೀದಿಯಲ್ಲಿ ಅಕ್ಕಿ ಅಂಗಡಿ ಇಟ್ಟಿದ್ದರು. ಗಾಳಿ ಈ ಕಡೆ ಬೀಸಿದ ದಿನ ಸೋಪಿನ ಕಾರ್ಖಾನೆಯ ಗಂಧದ ವಾಸನೆ ವಠಾರದ ತುಂಬ ಬರುತ್ತಿತ್ತಂತೆ. ಈಗ ವಠಾರವಿದ್ದ ಜಾಗದಲ್ಲಿ ನಾಲ್ಕು ಅಂತಸ್ತಿನ ಬಟ್ಟೆ ಅಂಗಡಿ ಇದೆ. ಅಮ್ಮ ಅದನ್ನು ನೋಡಲಿಲ್ಲ. ಅದರ ಪಕ್ಕದ ಸಂದಿಯನ್ನು ನೋಡಿದಳು. "ಆ ಕೊನೇ ರೂಮಲ್ಲೇ ತಿವಾರಿ ಇದ್ದಿದ್ದು" ಅಂದಳು.

ತಿವಾರಿ ನನ್ನ ಚಿಕ್ಕಪ್ಪ. ಲಖನೌದಿಂದ ಬಂದು ಇಂಡಸ್ಟ್ರಿಯಲ್ ಟೌನಿನ ಒಂದು ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದ ತೆಳ್ಳನೆಯ ಮನುಷ್ಯ. ಕೊಳಾಯಿಯ ಹತ್ತಿರ ಬಕೆಟ್ ಇಡುವ ಜಗಳದಲ್ಲಿ ಚಿಕ್ಕಮ್ಮನಿಗೂ ಅವರಿಗೂ ಪರಿಚಯವಾಯಿತು. ಎರಡು ವರ್ಷದ ಮೇಲೆ ಇಬ್ಬರೂ ರಿಜಿಸ್ಟರ್ ಮದುವೆಯಾದರು. ತಾತ ಒಪ್ಪಲಿಲ್ಲ. "ಈ ಹೊಸ್ತಿಲು ತುಳಿಯಬೇಡ" ಅಂದುಬಿಟ್ಟರು. ಅಷ್ಟರಲ್ಲಿ ಮದುವೆಯಾಗಿ ವಿಜಯನಗರದಲ್ಲಿದ್ದ ಅಮ್ಮ, ತನ್ನ ಧಾರೆ ಸೀರೆಯನ್ನೇ ತಂಗಿಗೆ ಉಡಿಸಿ ಇಬ್ಬರನ್ನೂ ಲಖನೌಗೆ ರೈಲು ಹತ್ತಿಸಿ ಬಂದಳಂತೆ.

ವಿಮಾನ ನಿಲ್ದಾಣ ಸೇರುವ ಹೊತ್ತಿಗೆ ಮಂಜು ಹೇಳಿದಷ್ಟೇ ಹೊತ್ತಾಗಿತ್ತು. ಒಳಗೆ ತಪಾಸಣೆಯ ಸಾಲಿನಲ್ಲಿ ಅಮ್ಮನ ಸರದಿ ಬಂದಾಗ ಸಮವಸ್ತ್ರದ ಯುವತಿಯೊಬ್ಬಳು ಅವಳ ಕೊರಳಲ್ಲಿದ್ದ ಬೆಳ್ಳಿಯ ಕರಡಿಗೆಯನ್ನು ನೋಡಿದಳು. ಇಷ್ಟಲಿಂಗ ಇಡುವ ಆ ಕರಡಿಗೆಯನ್ನು ಅಮ್ಮ ಆಪರೇಷನ್ನಿನ ದಿನವೂ ತೆಗೆದವಳಲ್ಲ.

"ಅಜ್ಜಿ, ಕೊಳ್ಳಾಗಿಂದು ಏನ್ರಿ ಅದು?"

"ಲಿಂಗ ಕಣಮ್ಮ. ತೆಗೆಯೋ ಹಾಗಿಲ್ಲ" ಎಂದು ಅಮ್ಮ ಎರಡೂ ಕೈಯಿಂದ ಅದನ್ನು ಮುಚ್ಚಿಕೊಂಡಳು.

"ತಗೀಬ್ಯಾಡ್ರಿ. ಕೈ ಅಷ್ಟ ಬಾಜೂಕ ಸರಿಸ್ರಿ, ನಾ ಮಿಷನ್ ಹಿಡದು ನೋಡ್ತೀನಿ. ನಮ್ಮವ್ವನೂ ಕಟ್ಕೊಂತಾಳ್ರಿ." ಹುಡುಗಿ ನೋಡಿ ಮುಗಿಸಿ, ಅಮ್ಮನ ಶಾಲನ್ನು ತಾನೇ ಸರಿಪಡಿಸಿ ಕಳಿಸಿದಳು. ಅಮ್ಮ ಅಲ್ಲಿಂದ ಕೂರುವ ಜಾಗದವರೆಗೂ "ಯಾವ ಊರು ಅಂತ ಕೇಳಬೇಕಾಗಿತ್ತು" ಎಂದು ಪೇಚಾಡಿದಳು.

ಲಖನೌದಲ್ಲಿ ದಟ್ಟ ಮಂಜು ಕವಿದಿದೆ, ವಿಮಾನ ತಡ ಎಂದು ಹೇಳಿದರು. ನಾವು ಗಾಜಿನ ಗೋಡೆಯ ಪಕ್ಕ ಕೂತು ರೊಟ್ಟಿ ತಿಂದೆವು. ಬಿಸಿಲೇರುತ್ತಿತ್ತು. ಹೊರಗೆ ವಿಮಾನಗಳು ಒಂದರ ಹಿಂದೊಂದು ಏಳುತ್ತಿದ್ದವು, ನಮ್ಮದು ಮಾತ್ರ ಬರಲೇ ಇಲ್ಲ. ಅಮ್ಮನಿಗೆ ಹಳೆಯ ಪ್ರಯಾಣ ನೆನಪಾಯಿತು. ನನಗೂ ಅದೇ ನೆನಪಾಗಿತ್ತು.

ನಾನು ಆಗ ನಾಲ್ಕನೆಯ ಕ್ಲಾಸು ಮುಗಿಸಿದ್ದೆ. ಚಿಕ್ಕಮ್ಮನಿಗೆ ಚೊಚ್ಚಲ ಹೆರಿಗೆ. ತವರಿಗೆ ಕರೆಸಲು ತಾತ ಬಿಡಲಿಲ್ಲವಾದ್ದರಿಂದ ತವರೇ ಅಲ್ಲಿಗೆ ಹೋಗುತ್ತದೆ ಎಂದು ಅಮ್ಮ ಹಟ ಹಿಡಿದು, ಅಪ್ಪನನ್ನು ಒಪ್ಪಿಸಿ, ನನ್ನನ್ನು ಕರೆದುಕೊಂಡು ಹೊರಟಳು. ದೆಹಲಿಯ ಗಾಡಿಯಲ್ಲಿ ಝಾನ್ಸಿವರೆಗೆ. ಅಲ್ಲಿ ಇಳಿದು ಇನ್ನೊಂದು ಗಾಡಿ. ನಾಗಪುರದಲ್ಲಿ ಕಿತ್ತಳೆ ಕೊಂಡದ್ದು, ಕಣ್ಣಿಗೆ ಇದ್ದಿಲ ಕಣ ಬಿದ್ದು ಅಮ್ಮ ಸೆರಗಿನ ತುದಿಗೆ ಬಾಯಿಂದ ಬಿಸಿ ಊದಿ ಒತ್ತಿದ್ದು, ಝಾನ್ಸಿಯ ಪ್ಲಾಟ್‌ಫಾರಂನಲ್ಲಿ ಟ್ರಂಕಿನ ಮೇಲೆ ನನ್ನನ್ನು ಕೂರಿಸಿ "ಇದರ ಮೇಲಿಂದ ಏಳಬೇಡ" ಎಂದು ಹೇಳಿ ನೀರು ತರಲು ಹೋದದ್ದು, ಎಲ್ಲ ನೆನಪಿದೆ. ಹೊರಟ ಮೂರನೆಯ ದಿನ ನಾವು ಲಖನೌ ಸೇರಿದೆವು. ಅಷ್ಟು ದೂರಕ್ಕೆ ಹೋದವರು ತಿರುಗಿ ಬರುವುದೇ ಇಲ್ಲವೇನೋ ಎಂದು ನನಗೆ ದಾರಿಯುದ್ದಕ್ಕೂ ಅನಿಸಿತ್ತು.

ಆಮೇಲೆ ಚಿಕ್ಕಮ್ಮ ಬೆಂಗಳೂರಿಗೆ ಬಂದದ್ದು ಎರಡೇ ಸಲ. ಎರಡೂ ಸಾವಿಗೆ: ಅಜ್ಜಿಯದು, ತಾತನದು. ಅಮ್ಮನಿಗೆ ಮತ್ತೆ ಹೋಗಲಾಗಲಿಲ್ಲ. ಅತ್ತೆಯ ಕಾಯಿಲೆ, ನಮ್ಮ ಓದು, ಅಪ್ಪನ ಕಾಯಿಲೆ, ಅಪ್ಪ ಹೋದ ಮೇಲೆ ಮಂಡಿನೋವು. ಆರು ವರ್ಷದ ಹಿಂದೆ ತಿವಾರಿ ಚಿಕ್ಕಪ್ಪ ತೀರಿಕೊಂಡಾಗ ಅಪ್ಪ ಹಾಸಿಗೆ ಹಿಡಿದಿದ್ದರು. ಅಕ್ಕ ತಂಗಿ ಭಾನುವಾರ ಭಾನುವಾರ ಫೋನಿನಲ್ಲಿ ಮಾತಾಡುತ್ತಿದ್ದರು, ಅಷ್ಟೇ.

ಕೊನೆಗೂ ವಿಮಾನ ಬಂತು. ಅಮ್ಮನಿಗೆ ಕಿಟಕಿಯ ಸೀಟು. ಏಳುವಾಗ ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದು ಕಣ್ಣು ಮುಚ್ಚಿದ್ದಳು. ಮೋಡ ದಾಟಿದ ಮೇಲೆ ಕಣ್ಣು ಬಿಟ್ಟು, "ಏನೂ ಅಲ್ಲಾಡ್ತಾನೇ ಇಲ್ವಲ್ಲೇ. ನಿಂತುಬಿಟ್ಟಿದೆಯಾ?" ಅಂದಳು. ಕ್ಯಾಪ್ಟನ್ ಇಂಗ್ಲಿಷಿನಲ್ಲಿ ಹೇಳಿದ್ದನ್ನು ನಾನು ಅವಳಿಗೆ ಹೇಳಿದೆ. ಆಕಾಶದಲ್ಲಿ ಲಖನೌ ಸುಮಾರು ಸಾವಿರದ ಐನೂರು ಕಿಲೋಮೀಟರ್, ನೆಲದ ಮೇಲೆ ರೈಲು ಸುತ್ತಿಕೊಂಡು ಹೋಗುವ ದಾರಿ ಅದಕ್ಕಿಂತ ಎಷ್ಟೋ ಹೆಚ್ಚು. ಅಮ್ಮ ಕೆಳಗೆ ನೋಡುತ್ತ ಕೂತಳು. ಒಂದು ದೊಡ್ಡ ನದಿ ಬಿಸಿಲಿಗೆ ಹೊಳೆಯಿತು. ಆಮೇಲೆ ಬರೀ ಕಂದು ನೆಲ, ಆಮೇಲೆ ಹತ್ತಿಯಂಥ ಬಿಳಿ ಮಂಜು.

ಇಳಿಯುತ್ತಿದ್ದೇವೆ, ಪಟ್ಟಿ ಕಟ್ಟಿಕೊಳ್ಳಿ ಎಂದು ಹೇಳಿದಾಗ ಅಮ್ಮ ತಿರುಗಿ ನನ್ನ ಮುಖ ನೋಡಿದಳು.

"ಬಂದೇಬಿಡ್ತಾ?"

"ಬಂತಮ್ಮ. ಟ್ಯಾಕ್ಸಿಯವನು ಹೇಳಲಿಲ್ವಾ, ಎರಡೂವರೆ ಗಂಟೆ ಅಂತ?"

ಅಮ್ಮ ಮತ್ತೆ ಕಿಟಕಿಯ ಕಡೆಗೆ ಮುಖ ಮಾಡಿಕೊಂಡು, "ಇಷ್ಟು ಹತ್ರ ಇದ್ಲಾ ಅವಳು?" ಅಂದಳು.

ನಾನು ಅವಳ ಶಾಲನ್ನು ಹೆಗಲಿನ ಸುತ್ತ ಎಳೆದು ಹೊದಿಸಿದೆ.

ಅನುಪಮ್ ಹೊರಗೆ ಕಾಯುತ್ತಿದ್ದ. ಬಿಳಿ ಬೆರೆತ ಗಡ್ಡ, ಕಿವಿ ಮುಚ್ಚುವ ಟೋಪಿ. ಮೂಗು ಮಾತ್ರ ನೂರಕ್ಕೆ ನೂರು ನಮ್ಮ ತಾತನದು. ಅಮ್ಮನ ಕಾಲು ಮುಟ್ಟಿ ನಮಸ್ಕರಿಸಿ, ಕೈಯಲ್ಲಿದ್ದ ದಪ್ಪ ಉಣ್ಣೆಯ ಶಾಲನ್ನು ಅವಳ ಶಾಲಿನ ಮೇಲೆಯೇ ಹೊದಿಸಿದ. ಮಧ್ಯಾಹ್ನ ಮೂರಾಗಿದ್ದರೂ ಬೀದಿದೀಪ ಉರಿಯುತ್ತಿತ್ತು. ಮಂಜಿನಲ್ಲಿ ಎದುರಿನ ಗಾಡಿಯ ಹಿಂಬದಿ ಮಾತ್ರ ಕಾಣುತ್ತಿತ್ತು. ಗೋಮತಿ ನದಿಯ ಸೇತುವೆ ದಾಟಿದೆವು ಎಂದು ಅವನು ಹೇಳಿದ. ನಮಗೆ ನದಿ ಕಾಣಲಿಲ್ಲ. ಹಾರಿದ್ದು ಎರಡೂವರೆ ಗಂಟೆಯಾದರೂ ಮನೆಯಿಂದ ಮನೆಗೆ ಇಡೀ ಹಗಲೇ ಹಿಡಿದಿತ್ತು.

ಸಣ್ಣ ಎರಡಂತಸ್ತಿನ ಮನೆ. ಸೊಸೆ ರಶ್ಮಿ ಬಾಗಿಲಲ್ಲೇ ನಿಂತಿದ್ದಳು. ಒಳಕೋಣೆಯಲ್ಲಿ ದಪ್ಪ ರಜಾಯಿಯ ಅಡಿಯಲ್ಲಿ ಚಿಕ್ಕಮ್ಮ ಮಲಗಿದ್ದಳು. ಬಾಯಿ ಒಂದು ಕಡೆಗೆ ಸ್ವಲ್ಪ ಎಳೆದಿತ್ತು, ಬಲಗೈ ಬಲಗಾಲು ಸ್ವಾಧೀನದಲ್ಲಿರಲಿಲ್ಲ. ಅಮ್ಮ ಮಂಚದ ಅಂಚಿಗೆ ಕೂತು ಅವಳ ಕೈ ಹಿಡಿದುಕೊಂಡಳು.

ಚಿಕ್ಕಮ್ಮ ಕಣ್ಣರಳಿಸಿ ನೋಡಿದಳು. ಮಾತು ತೊದಲುತ್ತಿತ್ತು, ಆದರೆ ಅಚ್ಚ ಕನ್ನಡ. "ಯಾರಮ್ಮ ನೀವು? ಕೂತ್ಕೊಳಿ. ನಮ್ಮಕ್ಕ ಈಗ ಬರ್ತಾಳೆ."

"ನಾನೇ ಕಣೇ ಪಾರೂ. ನಾನೇ ಬಂದಿದೀನಿ."

"ಅಲ್ಲ." ಚಿಕ್ಕಮ್ಮ ಮಗುವಿನ ಹಾಗೆ ತಲೆಯಾಡಿಸಿದಳು. "ನಮ್ಮಕ್ಕನ ಕೂದಲು ಕಪ್ಪಗಿದೆ."

ಅಮ್ಮ ಕೈ ಬಿಡಲಿಲ್ಲ. ರಶ್ಮಿ ಹಿಂದಿಯಲ್ಲಿ ಮೆಲ್ಲಗೆ ಕೇಳಿದಳು, "ಏನಂದರು?" ನಾನು ಹೇಳಲಿಲ್ಲ. "ಪ್ರಯಾಣ ಚೆನ್ನಾಗಿತ್ತಾ ಅಂದರು" ಅಂದೆ.

ಸಂಜೆಯಾಗುತ್ತಿದ್ದ ಹಾಗೆ ಚಳಿ ಗೋಡೆಯಿಂದಲೇ ಇಳಿದು ಬರುವಂತೆ ಇತ್ತು. ರಶ್ಮಿ ಬಿಸಿನೀರು ತುಂಬಿದ ರಬ್ಬರ್ ಚೀಲವನ್ನು ಟವೆಲಿನಲ್ಲಿ ಸುತ್ತಿ ತಂದು, ರಜಾಯಿ ಎತ್ತಿ, ಅತ್ತೆಯ ಪಾದದ ಹತ್ತಿರ ಇಟ್ಟಳು. ಆಕೆಯ ಪ್ರತಿಯೊಂದು ಕೆಲಸದಲ್ಲೂ ಅಕ್ಕರೆಯಿತ್ತು. ಸ್ವಲ್ಪ ಹೊತ್ತಿಗೆ ಚಿಕ್ಕಮ್ಮ ನರಳಿದಳು. "ಕಾಲು... ಕಾಲು..."

"ಹಾಂ ಮಾ, ಕಲ್" ಅಂದಳು ರಶ್ಮಿ, ಅವಳ ಹಣೆ ಸವರುತ್ತ. ನಮ್ಮ ಕಡೆ ತಿರುಗಿ ನಕ್ಕಳು. "ಇದೊಂದು ನಮಗೆ ಗೊತ್ತಾಗುತ್ತೆ. ದಿನಾ ಹೇಳ್ತಾರೆ, ನಾಳೆ, ನಾಳೆ ಅಂತ. ನಾಳೆ ವಾಸಿಯಾಗುತ್ತೆ ಅಮ್ಮ, ನಾಳೆ ಎದ್ದು ಓಡಾಡ್ತೀರಿ ಅಂತ ನಾವು ಹೇಳ್ತೀವಿ."

ನಾನು ಎದ್ದು ನಿಂತೆ. ಅಷ್ಟರಲ್ಲಿ ಅಮ್ಮ ರಜಾಯಿಯನ್ನು ಎಳೆದು ಬಿಸಾಡಿಯಾಗಿತ್ತು. "ಉಮಾ, ಕಾಲು ಸುಡ್ತಾ ಇದೆ ಕಣೇ ಅವಳಿಗೆ!"

ಉಣ್ಣೆಯ ಕಾಲುಚೀಲ ಬಿಚ್ಚಿ ನೋಡಿದರೆ ಬಲ ಹಿಮ್ಮಡಿ ಕೆಂಪೇರಿ ಊದಿತ್ತು. ಪಕ್ಕದಲ್ಲಿ ಬೊಬ್ಬೆಯೊಂದು ಎದ್ದು ಒಡೆದಿತ್ತು. ಸ್ವಾಧೀನ ತಪ್ಪಿದ ಕಾಲನ್ನು ಬಿಸಿಯಿಂದ ಆಚೆ ಎಳೆದುಕೊಳ್ಳಲು ಚಿಕ್ಕಮ್ಮನಿಗೆ ಆಗುತ್ತಿರಲಿಲ್ಲ, ನೋವು ಮಾತ್ರ ತಿಳಿಯುತ್ತಿತ್ತು. ಕೆಂಪಾದದ್ದನ್ನು ರಶ್ಮಿ ನೋಡಿದ್ದಳು. ಆ ಊರಿನಲ್ಲಿ ಚಳಿಗೆ ಎಲ್ಲರ ಬೆರಳೂ ಪಾದವೂ ಹಾಗೆ ಕೆಂಪಾಗಿ ಊದುತ್ತವಂತೆ. ಚಳಿಯೇ ಕಾರಣವೆಂದು ತಿಳಿದು ಇನ್ನಷ್ಟು ಬಿಸಿ ಇಟ್ಟಿದ್ದಳು.

'ಕಾಲು' ಅಂದರೆ ಹಿಂದಿಯ 'ಕಲ್' ಅಲ್ಲ, ಪಾದ ಎಂದು ನಾನು ಹೇಳಿದಾಗ ಅನುಪಮ್ ಗೋಡೆಗೆ ಒರಗಿ ನಿಂತುಬಿಟ್ಟ. ರಶ್ಮಿ ನೆಲದ ಮೇಲೆ ಕುಸಿದು ಕೂತು, ಅತ್ತೆಯ ಪಾದವನ್ನು ಕೈಯಲ್ಲಿ ಹಿಡಿದು ಅತ್ತಳು. "ಅವರು ದಿನಾ ಹೇಳ್ತಿದ್ರು ದೀದಿ. ನಾನು ದಿನಾ ನಾಳೆ ಅಂದೆ."

ಅಮ್ಮನಿಗೆ ಬರುವ ಹಿಂದಿ ಟಿ.ವಿ. ಧಾರಾವಾಹಿಗಳಿಂದ ಕಲಿತದ್ದು. ಅವಳು ಬಗ್ಗಿ ರಶ್ಮಿಯ ತಲೆ ಮೇಲೆ ಕೈಯಿಟ್ಟು, "ರೋನಾ ನಹೀಂ ಬೇಟಿ, ರೋನಾ ನಹೀಂ" ಅಂದಳು. ಮುಂದಕ್ಕೆ ಹಿಂದಿ ಸಿಗದೆ ಕನ್ನಡದಲ್ಲೇ, "ನೀನು ಹೆತ್ತ ತಾಯಿ ಥರ ನೋಡ್ಕೊಂಡಿದೀಯ, ಕಣ್ಣಿಗೆ ಕಾಣುತ್ತೆ. ನಿಂಗೆ ಹೇಗೆ ಗೊತ್ತಾಗ್ಬೇಕು ಹೇಳು" ಎಂದು ಪೂರೈಸಿದಳು. ನಾನು ಅದನ್ನು ಹಿಂದಿಗೆ ತಿರುಗಿಸುವ ಮೊದಲೇ ರಶ್ಮಿ ಅಮ್ಮನ ಮಡಿಲಲ್ಲಿ ಮುಖ ಹುದುಗಿಸಿದ್ದಳು. ಆ ಬೀದಿಯಲ್ಲೇ ಇದ್ದ ಡಾಕ್ಟರು ಬಂದು, ಚರ್ಮದ ಕೆಳಗೆ ಇಳಿದಿಲ್ಲ, ವಾಸಿಯಾಗುತ್ತದೆ ಎಂದು ಮುಲಾಮು ಹಚ್ಚಿ ಕಟ್ಟು ಕಟ್ಟಿ ಹೋದರು.

ಮಾರನೆಯ ದಿನ ಮಂಜು ಬೇಗ ಕರಗಿತು. ಅನುಪಮ್ ತಾಯಿಯನ್ನು ಎತ್ತಿ ತಂದು ಮಹಡಿಯ ಬಿಸಿಲಿನಲ್ಲಿ ಕುರ್ಚಿಗೆ ದಿಂಬು ಒತ್ತು ಕೊಟ್ಟು ಕೂರಿಸಿದ. ಸುತ್ತಲಿನ ಮನೆಗಳ ಮಹಡಿಗಳಲ್ಲೂ ಜನ ಬಿಸಿಲಿಗೆ ಬಂದು ಬಟಾಣಿ ಬಿಡಿಸುತ್ತಿದ್ದರು. ಅಮ್ಮ ಕೊಬ್ಬರಿಎಣ್ಣೆ ಬೆಚ್ಚಗೆ ಮಾಡಿಸಿಕೊಂಡು ಬಂದು ತಂಗಿಯ ಹಿಂದೆ ನಿಂತಳು. ಹಾಸಿಗೆಯಲ್ಲಿ ಗಂಟುಗಂಟಾಗಿದ್ದ ಬಿಳಿಕೂದಲನ್ನು ಬಿಡಿಸಿ, ಬಾಚಿ, ಮೂರು ಕಾಲು ಮಾಡಿ ಹೆಣೆಯತೊಡಗಿದಳು. ಅಮ್ಮ ಜಡೆ ಹೆಣೆದರೆ ಹುಬ್ಬು ಮೇಲಕ್ಕೆ ಹೋಗುವಷ್ಟು ಬಿಗಿ. ನಾನೂ ಶಾಲೆಗೆ ಹೋಗುವಾಗ ದಿನಾ ಅತ್ತವಳೇ.

ಚಿಕ್ಕಮ್ಮ ಒಮ್ಮೆಗೇ ಮುಖ ಕಿವುಚಿದಳು. "ಮೆತ್ತಗೆ ಹಾಕೇ ಅಕ್ಕ! ಪ್ರತಿ ಸಲ ಹೀಗೇ ಎಳೀತೀಯ."

ಅಮ್ಮನ ಕೈ ನಿಂತಿತು. ಅವಳು ಮುಂದೆ ಬಂದು ನಿಲ್ಲಲಿಲ್ಲ. ಮುಖ ನೋಡಿದರೆ ಎಲ್ಲಿ ಮತ್ತೆ 'ಯಾರಮ್ಮ ನೀವು' ಅನ್ನುತ್ತಾಳೋ ಎಂದು ಹೆದರಿದ್ದಳು ಅಂತ ಕಾಣುತ್ತದೆ. ಹಿಂದೆಯೇ ನಿಂತು, "ಆಯ್ತು ಕಣೇ, ಮೆತ್ತಗೇ ಹಾಕ್ತೀನಿ" ಅಂದಳು. ಕಣ್ಣೀರು ಗಲ್ಲದಿಂದ ಇಳಿದು ಸ್ವೆಟರಿನ ಮೇಲೆ ಬೀಳುತ್ತಿತ್ತು. ಒರೆಸಿಕೊಳ್ಳಲು ಕೈ ಬಿಡುವಿರಲಿಲ್ಲ.

"ನೀರು ಬಂತಾ?" ಎಂದು ಚಿಕ್ಕಮ್ಮ ಕೇಳಿದಳು.

"ಬಂತು. ಎರಡು ಕೊಡಪಾನ ಹಿಡಿದಿಟ್ಟಿದೀನಿ."

"ಆ ಮೂಲೆಮನೆ ಸಾಕಮ್ಮ ಮತ್ತೆ ಮುಂದೆ ಬಂದು ಬಕೀಟು ಇಟ್ಟಳಾ?"

"ಇಟ್ಟಳು. ನಾನು ಸುಮ್ನಿರ್ತೀನಾ?" ಅಂದಳು ಅಮ್ಮ.

ಚಿಕ್ಕಮ್ಮ ನಕ್ಕಳು. ಎಳೆದ ಬಾಯಲ್ಲಿ ಅರ್ಧವೇ ಮೂಡಿದ ನಗು. ಡಿಸೆಂಬರಿನ ಮೇಲೆ ಅವಳು ನಕ್ಕದ್ದು ಇದೇ ಮೊದಲು ಎಂದು ರಶ್ಮಿ ನನ್ನ ಕಿವಿಯಲ್ಲಿ ಹೇಳಿದಳು. ಅಮ್ಮ ಅಂದು ಹಿತುಕಿದ ಬೇಳೆ ಸಾರು ಮಾಡಿದಳು. ಚಿಕ್ಕಮ್ಮ ಎರಡನೆಯ ಸಲ ಹಾಕಿಸಿಕೊಂಡು ಉಂಡಳು. ನಾನು ರಶ್ಮಿಗೆ ಮಾತು ಕಲಿಸಲು ಕೂತೆ: ನೀರು, ನೋವು, ಹಸಿವು, ಬೇಡ, ಸಾಕು, ಕೈ, ಕಾಲು. ಆಕೆ ಒಲೆಯ ಮುಂದೆ ರೊಟ್ಟಿ ಲಟ್ಟಿಸುತ್ತ "ನೋವು ಇದೆಯಾ? ಎಲ್ಲಿ ನೋವು?" ಎಂದು ಉರು ಹೊಡೆದಳು. 'ಳ' ಮಾತ್ರ ಅವಳ ನಾಲಿಗೆಗೆ ಎಷ್ಟು ಮಾಡಿದರೂ ಹತ್ತಲಿಲ್ಲ. 'ಬೇಳೆ' ಅನ್ನಲು ಹೋಗಿ ಪ್ರತಿ ಸಲವೂ 'ಬೇಡೆ' ಅಂದಳು.

ಮೂರನೆಯ ದಿನ ಅನುಪಮ್ ನನ್ನನ್ನು ಊರು ತೋರಿಸಲು ಕರೆದುಕೊಂಡು ಹೋದ. ಹಳೇ ಪೇಟೆ ಚೌಕಿನ ಇಕ್ಕಟ್ಟಾದ ಗಲ್ಲಿಯಲ್ಲಿ ಚಳಿಗಾಲದಲ್ಲಿ ಮಾತ್ರ ಸಿಗುವ ಮಖ್ಖನ್ ಮಲಾಯಿ ತಿನ್ನಿಸಿದ. ಇಬ್ಬನಿಯಲ್ಲಿಟ್ಟ ಹಾಲನ್ನು ಕಡೆದು ತೆಗೆದ ಹಳದಿ ನೊರೆ. ಬಾಯಿಗಿಟ್ಟರೆ ಸಿಹಿ ಮಾತ್ರ ಉಳಿದು ಮಿಕ್ಕದ್ದು ಮಾಯ. ಎಲ್ಲಿಗೆ ಹೋಗೋಣ ಎಂದು ಕೇಳಿದಾಗ ನಾನು ಚಾರ್‌ಬಾಗ್ ರೈಲ್ವೆ ಸ್ಟೇಷನ್ ಅಂದೆ. ಅವನಿಗೆ ಆಶ್ಚರ್ಯವಾಯಿತು.

ಅದರ ಗುಮ್ಮಟಗಳು ಹಾಗೆಯೇ ಇದ್ದವು. ಹತ್ತು ವರ್ಷದ ಹುಡುಗಿಯ ಕಣ್ಣಿಗೆ ಅರಮನೆಯಂತೆ ಕಂಡಿದ್ದ ಕಟ್ಟಡ ಈಗಲೂ ಅರಮನೆಯಂತೆಯೇ ಕಂಡಿತು. ಹೊರಗೆ ಮಣ್ಣಿನ ಕುಲ್ಲಡಿನಲ್ಲಿ ಚಹಾ ಕುಡಿಯುತ್ತ ಅನುಪಮ್‌ಗೆ ಹೇಳಿದೆ. "ನೀನು ಹುಟ್ಟುವ ಮುಂಚೆ ನಾವು ಇಲ್ಲೇ ಇಳಿದಿದ್ದು. ನಿನ್ನಮ್ಮ ತುಂಬಿದ ಹೊಟ್ಟೆಯಲ್ಲಿ ಓಡಿ ಬಂದಳು. ನಿನ್ನಪ್ಪ ಹಿಂದಿನಿಂದ ಓಡಿ ಬಂದು, ಇನ್ನೂ ಬೆಳಕೇ ಹರಿದಿಲ್ಲ, 'ಬನ್ನಿ ಬನ್ನಿ, ಊಟ ಆಯ್ತಾ?' ಅಂದರು. ನಮ್ಮ ಕಡೆ ಯಾರನ್ನು ಕಂಡರೂ ಹಾಗೇ ಕೇಳಬೇಕು ಅಂತ ಅವರು ತಿಳ್ಕೊಂಡಿದ್ದರು."

ಅನುಪಮ್ ಜೋರಾಗಿ ನಕ್ಕ. ಆಮೇಲೆ, "ಅಪ್ಪ ಅಮ್ಮ ಕನ್ನಡದಲ್ಲಿ ಮಾತಾಡ್ತಿದ್ದರು ದೀದಿ. ಜಗಳ ಆಡುವಾಗ ಮಾತ್ರ. ಮನೆ ತುಂಬ ಜನ ಇದ್ದರಲ್ಲ, ಅಜ್ಜಿ, ದೊಡ್ಡಪ್ಪ ಎಲ್ಲ. ಅವರಿಗೆ ತಿಳಿಯಬಾರದು ಅಂತ. ಕನ್ನಡ ಕೇಳಿಸಿದರೆ ನಾನು ಚೆಂಡು ತಗೊಂಡು ಹೊರಗೆ ಓಡಿಬಿಡ್ತಿದ್ದೆ. ಅದಕ್ಕೇ ನನಗೆ ಬರಲಿಲ್ಲ" ಅಂದ. ಖಾಲಿ ಕುಲ್ಲಡನ್ನು ಕೈಯಲ್ಲಿ ತಿರುಗಿಸಿದ. "ಅಮ್ಮ ಇಲ್ಲಿ ಸುಖವಾಗಿದ್ದರಾ? ನಾನು ಕೇಳಲೇ ಇಲ್ಲ. ಈಗ ಕೇಳಿದರೆ ಅವರಿಗೆ ತಿಳಿಯಲ್ಲ."

"ಓಡಿ ಬಂದದ್ದನ್ನು ನಾನು ನೋಡಿದೀನಿ ಕಣೋ" ಅಂದೆ. "ದುಃಖ ಇದ್ದವಳು ಹಾಗೆ ನಗ್ತಾ ಓಡಿ ಬರಲ್ಲ."

ನಾಲ್ಕನೆಯ ದಿನ ಡಾಕ್ಟರು ಕಟ್ಟು ಬದಲಿಸಲು ಬಂದಾಗ ಅಮ್ಮ ನನ್ನ ಮೂಲಕ ಕೇಳಿಸಿದಳು: ತಂಗಿಯನ್ನು ಬೆಂಗಳೂರಿಗೆ ಕರೆದುಕೊಂಡು ಹೋಗಬಹುದೇ? ಒಂದೆರಡು ತಿಂಗಳು ತಡೆದು ವಿಮಾನದಲ್ಲಿ ಹೋಗಬಹುದು ಎಂದರು ಅವರು. ಅನುಪಮ್ ರಶ್ಮಿಯ ಮುಖ ನೋಡಿದ, ರಶ್ಮಿ ಬಾಗಿಲ ಕಡೆ ನೋಡಿದಳು. ಬೇಡ ಅನ್ನುವ ಧೈರ್ಯ ಇಬ್ಬರಿಗೂ ಇರಲಿಲ್ಲ, ಹೂಂ ಅನ್ನುವ ಮನಸ್ಸೂ ಇರಲಿಲ್ಲ. ಅಮ್ಮ ತಂಗಿಯನ್ನೇ ಕೇಳಿದಳು.

"ಪಾರೂ, ನಮ್ಮ ಮನೆಗೆ ಹೋಗೋಣ ಬರ್ತೀಯಾ? ಬೆಂಗಳೂರಿಗೆ?"

ಚಿಕ್ಕಮ್ಮ ಯೋಚಿಸಿದಳು. ನಿಜವಾಗಿಯೂ ಯೋಚಿಸಿದಳು, ಹುಬ್ಬು ಗಂಟಿಕ್ಕಿತ್ತು. "ಇವ್ರು ಬರ್ಲಿ ಅಕ್ಕ. ಸೆಕೆಂಡ್ ಶಿಫ್ಟಿದೆ. ಹೇಳದೆ ಹೇಗೆ ಬರ್ಲಿ? ಬಂದ ಮೇಲೆ ಕೇಳ್ಕೊಂಡು ಬರ್ತೀನಿ."

ಅನುಪಮ್‌ಗೆ 'ಶಿಫ್ಟ್' ಅನ್ನುವುದು ಕೇಳಿಸಿತ್ತು. ಅವನು ನನ್ನ ಕಡೆ ನೋಡಿದ. ನಾನು ಅರ್ಥ ಹೇಳಿದೆ. ಆರು ವರ್ಷದ ಹಿಂದೆ ತಂದೆಯ ಚಿತೆಗೆ ಬೆಂಕಿಯಿಟ್ಟ ಮಗ, ಹೊರಗೆ ಹೋಗಿ ಮೆಟ್ಟಿಲ ಮೇಲೆ ಕೂತ.

ಅಮ್ಮ ತಂಗಿಯನ್ನು ತಿದ್ದಲಿಲ್ಲ. "ಹೌದು, ಕೇಳ್ಕೊಂಡೇ ಬರ್ಬೇಕು" ಅಂದಳು. ಆಮೇಲೆ ಅಡಿಗೆಮನೆಗೆ ಬಂದು ನನಗೆ ಹೇಳಿದಳು, "ನೀನು ಹೋಗು ಉಮಾ. ನಾನು ಇಲ್ಲೇ ಇರ್ತೀನಿ."

"ಅಮ್ಮಾ, ಈ ಚಳೀಲಿ? ನಿನ್ನ ಮಂಡಿ? ಬಿ.ಪಿ. ಮಾತ್ರೆ?"

"ಲಖನೌದಲ್ಲಿ ಮಾತ್ರೆ ಅಂಗಡಿ ಇಲ್ವೇನೆ? ಚಳಿ ಇನ್ನೆಷ್ಟು ದಿನ ಇರುತ್ತೆ. ಯಾವಾಗ ಬೇಕಾದ್ರೂ ಬಂದು ಕರ್ಕೊಂಡು ಹೋಗ್ಬಹುದಲ್ಲ ನೀನು, ಬೆಳಿಗ್ಗೆ ಹೊರಟ್ರೆ ಸಂಜೆಗೆ ಇಲ್ಲಿರ್ತೀಯ." ಅವಳು ನನ್ನ ಕೈಯಿಂದ ಸೌಟು ತೆಗೆದುಕೊಂಡಳು. "ಹಿಂದೆ ಇದೇ ಊರಿಂದ ಅವಳ ಕೈಗೆ ಕೂಸು ಕೊಟ್ಟು ಮೂರನೇ ವಾರಕ್ಕೆ ಹೊರಟುಬಿಟ್ಟಿದ್ದೆ. ನಿಮ್ಮಪ್ಪನ ಊಟಕ್ಕೆ ಕಷ್ಟ ಅಂತ. ಇನ್ನೂ ಸ್ವಲ್ಪ ದಿನ ಇರೇ ಅಂತ ಇವಳು ಸೆರಗು ಹಿಡ್ಕೊಂಡಿದ್ಲು. ಈಗ ಯಾರೂ ನನ್ನ ಊಟಕ್ಕೆ ಕಾಯ್ತಾ ಇಲ್ಲ. ಇರ್ತೀನಿ ಬಿಡು."

ರಶ್ಮಿಗೆ ವಿಷಯ ಹೇಳಿದಾಗ ಆಕೆ ಅಮ್ಮನನ್ನು ತಬ್ಬಿಕೊಂಡಳು. ಆಮೇಲೆ ಚಿಕ್ಕಮ್ಮನ ಮಂಚದ ಪಕ್ಕದಲ್ಲಿ ಇನ್ನೊಂದು ಮಂಚ ಹಾಕಿಸಲು ಗಡಿಬಿಡಿಯಿಂದ ಹೊರಟಳು.

ನ‌ನ್ನ ರಜೆ ಮುಗಿದ ದಿನ ಆಕಾಶ ತಿಳಿಯಾಗಿತ್ತು. ಚಿಕ್ಕಮ್ಮನ ಕಾಲು ಮುಟ್ಟಿ ನಮಸ್ಕರಿಸಿದೆ. ನಾನು ಯಾರೆಂದು ಅವಳಿಗೆ ಸರಿಯಾಗಿ ಹೊಳೆದಿತ್ತೋ ಇಲ್ಲವೋ ತಿಳಿಯದು. "ಹುಷಾರಾಗಿ ಹೋಗ್ಬಾಮ್ಮ, ರೈಲಲ್ಲಿ ಕಿಟಕಿ ಹತ್ರ ಕೂತ್ಕೋಬೇಡ, ಕಣ್ಣಿಗೆ ಮಸಿ ಬೀಳುತ್ತೆ" ಅಂದಳು. ಅಮ್ಮ ಗೇಟಿನವರೆಗೆ ಬರಲು ಎದ್ದಳು. "ಎಲ್ಲಿಗೆ ಹೊರಟೆ ಅಕ್ಕ?" ಎಂದು ಚಿಕ್ಕಮ್ಮ ಕೇಳಿದ್ದೇ ತಡ, ಮತ್ತೆ ಕೂತುಬಿಟ್ಟಳು. ಬಾಗಿಲಲ್ಲಿ ತಿರುಗಿ ನೋಡಿದಾಗ ಎರಡು ಬಿಳಿ ತಲೆಗಳು ಒಂದೇ ರಜಾಯಿಯ ಮೇಲೆ ಬಾಗಿದ್ದವು.

ವಿಮಾನ ಸರಿಯಾದ ಹೊತ್ತಿಗೆ ಹೊರಟು ಸರಿಯಾದ ಹೊತ್ತಿಗೆ ಇಳಿಯಿತು. ಬಸ್ಸು ಹಿಡಿದು ವಿಜಯನಗರಕ್ಕೆ ಬಂದಾಗ ಬೀದಿಯಲ್ಲಿ ಅವರೆಕಾಯಿ ಮಾರುವವರು ಇನ್ನೂ ಕೂಗುತ್ತಿದ್ದರು. ಬೀಗ ತೆಗೆದು ಒಳಗೆ ಹೋದೆ. ಅಮ್ಮನ ಕುರ್ಚಿಯ ಮೇಲೆ ಅವಳು ಹೊರಡುವ ದಿನ ಮಡಿಸಿಟ್ಟಿದ್ದ ಸೀರೆ ಹಾಗೆಯೇ ಇತ್ತು. ಅದನ್ನು ಎತ್ತಿ ಬೀರುವಿನಲ್ಲಿಟ್ಟೆ.

ಮರುದಿನ ಬ್ಯಾಂಕಿನಲ್ಲಿ ಊಟದ ಹೊತ್ತಿಗೆ ಫೋನ್ ಮಾಡಿದೆ. ಅಮ್ಮ ಎತ್ತಿದಳು. ಹಿಂದೆ ಮಹಡಿಯ ಮೇಲಿನ ಗಾಳಿಯ ಸದ್ದು.

"ಅಮ್ಮ, ಚೆನ್ನಾಗಿದೀಯಾ? ಮಾತ್ರೆ ತಗೊಂಡ್ಯಾ?"

"ಉಮಾ, ಆಮೇಲೆ ಮಾಡೇ. ಇವಳು ಏನೋ ಹೇಳ್ತಾ ಇದಾಳೆ."

ಅಷ್ಟು ಹೇಳಿ ಫೋನನ್ನು ಎಲ್ಲೋ ಇಟ್ಟುಬಿಟ್ಟಳು. ಆಫ್ ಮಾಡುವುದು ಅವಳಿಗೆ ಎಂದೂ ಸರಿಯಾಗಿ ಬಂದಿಲ್ಲ. ಆ ಕಡೆಯಿಂದ ಚಿಕ್ಕಮ್ಮನ ತೊದಲು ಮಾತು ಕೇಳಿಸುತ್ತಿತ್ತು. ತಿವಾರಿ ಯಾವುದೋ ದಸರಾಗೆ ತಂದುಕೊಟ್ಟ ಬಳೆಯ ಬಣ್ಣ ಹಸಿರೋ ಕೆಂಪೋ ಎಂಬ ವಾದ. ಅಮ್ಮ ಹಸಿರು ಅಂದಳು, ಚಿಕ್ಕಮ್ಮ ಕೆಂಪು ಅಂದಳು. ನಡುವೆ ರಶ್ಮಿ ಬಂದು, ಪಾಠ ಒಪ್ಪಿಸುವವಳಂತೆ ಬಿಡಿಬಿಡಿಯಾಗಿ, "ಅಮ್ಮ, ಹಸಿವು ಇದೆಯಾ?" ಎಂದು ಕೇಳಿದಳು.

"ಇದೆ ಕಣೇ, ಬೇಗ ಬಡಿಸು" ಅಂದಳು ಚಿಕ್ಕಮ್ಮ.

ನನ್ನ ಡಬ್ಬಿ ಮುಂದೆ ತೆರೆದೇ ಇತ್ತು. ನಾನು ಫೋನನ್ನು ಕಿವಿಗೆ ಒತ್ತಿಕೊಂಡು, ಆ ಮಹಡಿಯಲ್ಲಿ ತಟ್ಟೆಗಳನ್ನು ಇಡುವ ಸದ್ದು ಕೇಳುತ್ತ ಕೂತೆ.